ಎಪ್ಪತ್ತೆರಡನೇ ಇಸವಿ

ಪುಟ್ಟಮಾದುವಿನ ಹೆಬ್ಬೆರಳು ಅವನದೇ ಬೆರಳುಗಳ ಗೆಣ್ಣಿನ ಮೇಲೆ ಒಂದೊಂದಾಗಿ ಹತ್ತಿ ಇಳಿದದ್ದು, ಆಮೇಲೆ ತೋರುಬೆರಳಿನ ಹತ್ತಿರ ಬಂದು ನಿಂತದ್ದು, ಇವತ್ತು ಬೆಳಿಗ್ಗೆ ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದಾಗ ಮಲ್ಲಿಕಾರ್ಜುನಸ್ವಾಮಿಗೆ ಮತ್ತೆ ಕಾಣಿಸಿತು. ಎಂಟು ದಿನದಿಂದ ಅದು ಹೀಗೆಯೇ ಹೇಳದೆ ಕೇಳದೆ ಬರುತ್ತಿತ್ತು: ಕಂಡಕ್ಟರು ಟಿಕೆಟ್ ಹರಿಯುವಾಗ, ಮಗಳು ಕುಮಾರಿ ಮಗ್ಗಿ ಒಪ್ಪಿಸುವಾಗ, ಸಾರಿಗೆ ಉಪ್ಪು ಸಾಲದು ಎನ್ನಲು ಬಾಯಿ ತೆರೆದಾಗ. ಒಬ್ಬ ಹುಡುಗ ಬೆರಳು ಎಣಿಸುವುದರಲ್ಲಿ ಏನಿದೆ, ಸಂತೆಯಲ್ಲಿ ಎಲ್ಲರೂ ಎಣಿಸುತ್ತಾರೆ ಎಂದುಕೊಂಡು ಬಾಯಿ ಮುಕ್ಕಳಿಸಿದ. ಆದರೆ ಪುಟ್ಟಮಾದು ಅವತ್ತು ಎಣಿಸಿದ್ದು ವರ್ಷಗಳನ್ನು. ಆ ವರ್ಷಗಳನ್ನು ಅವನ ಕೈಗೆ ಕೊಟ್ಟವನು ತಾನು.

ಇವತ್ತು ಸೋಮವಾರ. ಸೋಮವಾರವೆಂದರೆ ಭೀಮನಬೀಡು. ಆರೋಗ್ಯ ಸಹಾಯಕನಾಗಿ ಹತ್ತೊಂಬತ್ತು ವರ್ಷ ಸವೆಸಿದವನ ವಾರ ಊರುಗಳಾಗಿ ಹಂಚಿಹೋಗಿರುತ್ತದೆ. ಯಾವ ದಿನ ಎಂದು ಕೇಳಿದರೆ ಊರಿನ ಹೆಸರೇ ಮೊದಲು ನಾಲಿಗೆಗೆ ಬರುತ್ತದೆ. ಚೀಲದಲ್ಲಿ ಗಾಜಿನ ಪಟ್ಟಿಗಳು, ಸೂಜಿ, ಹತ್ತಿ, ಸ್ಪಿರಿಟ್ಟಿನ ಬಾಟಲಿ, ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ. ಮನೆಮನೆಗೆ ಹೋಗಿ ಜ್ವರ ಉಂಟೇ ಎಂದು ಕೇಳುವುದು, ಇದ್ದವರ ಬೆರಳಿಗೆ ಚುಚ್ಚಿ ಒಂದು ತೊಟ್ಟು ರಕ್ತವನ್ನು ಗಾಜಿನ ಮೇಲೆ ಸವರಿಕೊಳ್ಳುವುದು, ಬಾಗಿಲ ಪಕ್ಕದ ಗೋಡೆಯಲ್ಲಿ ಬಳಿದಿರುವ ಬಿಳಿಯ ಚೌಕದೊಳಗೆ ತಾರೀಖು ಬರೆದು ಸಹಿ ಹಾಕುವುದು. ಮುನ್ನೂರು ಚಿಲ್ಲರೆ ಚೌಕಗಳಲ್ಲಿ ಒಂದು ಮಿಲ್ಟ್ರಿ ದೊಡ್ಡಮಾದಯ್ಯನವರ ಮನೆಯದು. ಹೋದ ಸೋಮವಾರದ ಜಾಗ ಆ ಚೌಕದಲ್ಲಿ ಖಾಲಿ ಇದೆ. ಅವತ್ತು ಅವನು ಆ ಬೀದಿಗೆ ಹೋಗದೆ ಮಧ್ಯಾಹ್ನದ ಬಸ್ಸಿಗೇ ಓಡಿಬಂದಿದ್ದ.

ಗಂಗಾಂಬಿಕೆ ಊಟದ ಡಬ್ಬಿಯನ್ನು ಚೀಲದ ಪಕ್ಕ ಇಟ್ಟಳು. ಬಗ್ಗಿ ಏಳುವಾಗ ಅವಳ ಎಡಗೈ ತಾನೇ ತಾನಾಗಿ ಸೊಂಟಕ್ಕೆ ಹೋಯಿತು. ಏಳು ವರ್ಷದಿಂದ ಆ ಕೈ ಹಾಗೆ ಹೋಗುತ್ತಿದೆ, ಏಳು ವರ್ಷದಿಂದ ಅದನ್ನು ಅವನು ನೋಡದಂತೆ ನೋಡುತ್ತಿದ್ದಾನೆ. ಜ್ವರ ಗಿರ ಬಂದಿದೆಯೇನು ನಿಮಗೆ, ರಾತ್ರಿಯೆಲ್ಲ ಹೊರಳಾಡ್ತಿದ್ರಿ ಎಂದು ಅವಳು ಕೇಳಿದಳು. ತಾಲ್ಲೂಕಿನ ಜನಕ್ಕೆಲ್ಲ ಜ್ವರ ಕೇಳುವವನಿಗೆ ಆ ಮಾತು ಒಂದು ಗಳಿಗೆ ವಿಚಿತ್ರವಾಗಿ ಕೇಳಿಸಿತು. ಇಲ್ಲ ಎಂದ. ರಸ್ತೆಗೆ ಇಳಿದು ನಾಲ್ಕು ಹೆಜ್ಜೆ ಹಾಕಿದ ಮೇಲೆ ಹೊಳೆಯಿತು, ತಾನು ಹೊರಳಾಡಿದ್ದು ಗೊತ್ತಾಗಬೇಕಾದರೆ ಅವಳೂ ಎದ್ದಿರಲೇಬೇಕು. ಒಂದೇ ಕೋಣೆಯಲ್ಲಿ ಇಬ್ಬರೂ ಕಣ್ಣು ಬಿಟ್ಟುಕೊಂಡು, ಇನ್ನೊಬ್ಬರು ಮಲಗಿದ್ದಾರೆಂದು ಉಸಿರು ಬಿಗಿಹಿಡಿದು. ಈ ಎಂಟು ದಿನ ಮಾತ್ರವೇ? ಅವಳು ಗೋಡೆಯ ಕಡೆ ತಿರುಗಿ ಮಲಗಲು ಶುರುಮಾಡಿದ್ದು ಯಾವಾಗ ಎಂದು ಅವನಿಗೆ ತಾರೀಖು ಸಮೇತ ಗೊತ್ತಿತ್ತು. ಅವಳ ಬೆನ್ನು, ರವಿಕೆಯ ಹೊಲಿಗೆ ಬಿಟ್ಟ ಜಾಗದಲ್ಲಿ ಕಾಣುವ ಒಂದು ಸಣ್ಣ ಮಚ್ಚೆ. ಅದರ ಮೇಲೆ ಬೆರಳಿಡಬೇಕೆಂದು ಎಷ್ಟು ಸಲ ಕೈ ಚಾಚಿ, ಅರ್ಧ ದಾರಿಯಲ್ಲೇ ಕೈಯನ್ನು ತನ್ನದೇ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾನೆ.

ಚಾಮರಾಜನಗರದಿಂದ ಹೊರಟ ಬಸ್ಸು ತೆರಕಣಾಂಬಿಯಲ್ಲಿ ತರಕಾರಿ ಮೂಟೆಗಳ ನಡುವೆ ಸಿಕ್ಕಿಕೊಂಡು ನಿಂತಿತು. ಕೇರಳದ ಕಡೆ ಹೋಗುವ ಲಾರಿಗೆ ಎಲೆಕೋಸು ಎಸೆಯುತ್ತಿದ್ದರು, ಒಬ್ಬ ಎಸೆಯುವುದು ಇನ್ನೊಬ್ಬ ಹಿಡಿಯುವುದು, ಬಾಯಲ್ಲಿ ಎಣಿಕೆ. ಹೋದ ಸೋಮವಾರ ಹಿಂದಕ್ಕೆ ಬರುವಾಗ ಇಲ್ಲಿಯೇ, ಇದೇ ಲೈಟ್ ಕಂಬದ ಹತ್ತಿರ, ಆಗಿಹೋದದ್ದರ ಅರ್ಥ ಪೂರಾ ತಲೆಗೆ ಇಳಿದಿತ್ತು. ಅವತ್ತು ಪಂಚಾಯ್ತಿ ಕಟ್ಟಡದಲ್ಲಿ ಗಂಡಸರ ಆಪರೇಷನ್ನಿನ ಬಗ್ಗೆ ಸಭೆ. ಹೊಸ ವಿಧಾನ, ಹೊಲಿಗೆಯಿಲ್ಲ, ಅರ್ಧ ಗಂಟೆಗೆಲ್ಲ ಎದ್ದು ಮನೆಗೆ ನಡೆದುಹೋಗಬಹುದು ಎಂದು ಅವನು ಹೇಳುತ್ತಿದ್ದ. ಹೆಂಗಸರು ಬಾಗಿಲ ಹೊರಗೆ ಗುಂಪಾಗಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಒಳಗೆ ಬೆಂಚಿನ ಮೇಲೆ ಪಡ್ಡೆಗಳು. ಕಾರ್ಗಿಲ್ ಯುದ್ಧ ಮುಗಿದು ಆಗಷ್ಟೇ ತಿಂಗಳಾಗಿತ್ತು. ಎಲ್ಲರ ಬಾಯಲ್ಲೂ ಗಂಡಸುತನ, ಗಡಿ, ಎದೆಗುಂಡಿಗೆ. ಆಪರೇಷನ್ ಆದೋನು ನೇಗಿಲು ಹಿಡಿಯಕ್ಕಾಯ್ತದಾ ಎಂದು ಒಬ್ಬ ಕೇಳಿದ. ನೇಗಿಲು ಬುಡ್ಲಾ, ಆಮ್ಯಾಕೆ ಮೀಸೆ ಬತ್ತದಾ ಕೇಳು ಅಂದ ಇನ್ನೊಬ್ಬ. ನಗು. ಆಗ ಪುಟ್ಟಮಾದು ಎದ್ದು ನಿಂತು, ಬಹಳ ಮರ್ಯಾದೆಯಿಂದ, "ಸಾರ್, ನೀವು ಮಾಡುಸ್ಕಂಡಿವ್ರಾ?" ಎಂದು ಕೇಳಿದ.

ಈ ಪ್ರಶ್ನೆ ಎಲ್ಲ ಊರಲ್ಲೂ ಬರುತ್ತದೆ. ಎಲ್ಲ ಊರಲ್ಲೂ ಅವನು ಹೂಂ ಎನ್ನುತ್ತಾನೆ, ನೋಡ್ರಪ್ಪ ಬಸ್ಸಿಲ್ಲದ ಊರಿಗೆಲ್ಲ ದಿನಕ್ಕೆ ಮೂವತ್ತು ಮೈಲಿ ಸೈಕಲ್ ತುಳೀತೀನಿ ಎಂದು ತೊಡೆ ತಟ್ಟಿ ತೋರಿಸುತ್ತಾನೆ. ಏಳು ವರ್ಷದಿಂದ ಹೇಳಿ ಹೇಳಿ ಆ ಸುಳ್ಳು ಅವನ ಮೈಗೆ ಹೊಂದಿಕೊಂಡುಬಿಟ್ಟಿತ್ತು. ಆದರೆ ಅವತ್ತು ಮೇಜಿನ ಆ ಕಡೆ ಅಸ್ಮಾ ಸಿಸ್ಟರ್ ಕೂತಿದ್ದರು. ತೊಂಬತ್ತೆರಡರ ಹೆಂಗಸರ ಆಪರೇಷನ್ ಕ್ಯಾಂಪಿನಲ್ಲಿ ಗಂಗಾಂಬಿಕೆಯ ಕೈ ಹಿಡಿದುಕೊಂಡು ನಿಂತಿದ್ದವರು ಅವರೇ. ಗುಂಡ್ಲುಪೇಟೆಗೆ ವರ್ಗವಾಗಿ ಬಂದು ವಾರವಾಗಿತ್ತು. ಅವರು ತಲೆಯೆತ್ತಿ ಅವನನ್ನು ನೋಡಿದರು, ಸುಮ್ಮನೆ, ಏನು ಹೇಳುತ್ತಾನೋ ನೋಡೋಣ ಎನ್ನುವ ಹಾಗೂ ಅಲ್ಲ. ಅವನ ಹೂಂ ಹೊರಗೆ ಬರಲಿಲ್ಲ. ಸಾರ್ ಬಾಯಿ ಕಟ್ತು ಕಣ್ಲಾ ಎಂದು ಹಿಂದಿನಿಂದ ಯಾರೋ ಅಂದರು. ಆ ಅರೆ ಗಳಿಗೆಯಲ್ಲಿ ಅವನು ಕೈಗೆ ಸಿಕ್ಕಿದ್ದನ್ನು ಅಡ್ಡ ಹಿಡಿದ. ನನ್ನ ಮಾತು ಬಿಡಿ, ನಿಮ್ಮೂರ ಮಿಲ್ಟ್ರಿ ದೊಡ್ಡಮಾದಯ್ಯನವರನ್ನು ನೋಡಿ, ಅರವತ್ತೈದರ ಯುದ್ಧ, ಎಪ್ಪತ್ತೊಂದರ ಯುದ್ಧ ಎರಡೂ ಕಂಡವರು, ಎಪ್ಪತ್ತೆರಡನೇ ಇಸವಿಯಲ್ಲೇ ಮಿಲಿಟರಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡರು, ಅವರಿಗಿಂತ ಗಂಡಸು ಇದ್ದಾನೇನ್ರಪ್ಪ ಈ ಊರಲ್ಲಿ? ಮಾತು ಚೆನ್ನಾಗಿ ಬಂತು ಎಂದೇ ಅನಿಸಿತು. ಸಭೆ ತಟ್ಟನೆ ಮೌನವಾಯಿತು. ಆ ಮೌನವನ್ನೂ ಅವನು ಗೌರವವೆಂದೇ ತಿಳಿದ. ಪುಟ್ಟಮಾದು ಎಡಗೈ ಮುಂದೆ ಹಿಡಿದು ಹೆಬ್ಬೆರಳು ಓಡಿಸಿದ. ಗೋಡೆಯ ಹತ್ತಿರ ಬೆಂಚು ಎಳೆಯುತ್ತಿದ್ದ ಶಂಕರ್, ದೊಡ್ಡಮಾದಯ್ಯನವರ ಮಗ, ಎಪ್ಪತ್ತೈದರಲ್ಲಿ ಹುಟ್ಟಿದವನು, ಬೆಂಚನ್ನು ಅಲ್ಲೇ ಬಿಟ್ಟು ಹೊರಗೆ ನಡೆದ. ಬಾಗಿಲಲ್ಲಿ ಹೆಂಗಸರು ದಾರಿ ಬಿಟ್ಟರು. ದಾರಿ ಬಿಟ್ಟಾಗ ಅವರ ನಡುವೆ, ಟೀಗೆ ನೀರು ತಂದಿದ್ದ ಕೊಡ ಸೊಂಟದ ಮೇಲಿರುವಾಗಲೇ, ಶಂಕರನ ತಾಯಿ ಮೂಗಮ್ಮ ನಿಂತಿದ್ದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ನೀರು ಮಾತ್ರ ಕೊಡದ ಬಾಯಿಂದ ಸಣ್ಣಗೆ ಚೆಲ್ಲಿ ಸೀರೆಯ ಮೇಲೆ ಇಳಿಯುತ್ತಿತ್ತು.

ದೊಡ್ಡಮಾದಯ್ಯನವರು ಆ ಮಾತನ್ನು ಅವನಿಗೆ ಹೇಳಿದ್ದು ಅವನ ಒಳ್ಳೆಯದಕ್ಕೆ. ತೊಂಬತ್ತೆರಡರ ಬೇಸಗೆ, ಅವರ ಮನೆಯ ಜಗಲಿ. ಎರಡನೆಯ ಮಗು ಹುಟ್ಟಿ ತಿಂಗಳಾಗಿತ್ತು, ಸಾಕು ಎಂದು ಗಂಡ ಹೆಂಡತಿ ಇಬ್ಬರಿಗೂ ಅನಿಸಿತ್ತು, ಗಂಗಾಂಬಿಕೆ ಬಾಣಂತಿ, ಬಡವಾಗಿದ್ದಾಳೆ, ಈ ಸಲ ನಾನೇ ಎಂದು ಅವನು ಬಾಯಿಬಿಟ್ಟು ಹೇಳಿಯೂ ಇದ್ದ. ಹೇಳಿದ ಮೇಲೆ ಹೆದರಿಕೆ ಹತ್ತಿತು. ಊರೂರಿಗೆ ಧೈರ್ಯ ಹೇಳುವವನು ಯಾರಿಗೆ ಹೇಳಿಕೊಳ್ಳುವುದು. ಜಗಲಿಯ ಮೇಲೆ ಕೂತು ಏನೋ ಮಾತಿನ ನಡುವೆ ಅದೂ ಹೊರಗೆ ಬಂತು. ದೊಡ್ಡಮಾದಯ್ಯನವರು ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಹೊಲಿಗೆ, ಇಸ್ತ್ರಿ, ಪಾತ್ರೆ ತೊಳೆಯುವುದು ಎಲ್ಲ ಅವರೇ, ಮಿಲ್ಟ್ರಿಯೋರು ಹಾಗೇ ಎಂದು ಊರು ಒಪ್ಪಿಕೊಂಡಿತ್ತು. ದಾರವನ್ನು ಹಲ್ಲಲ್ಲಿ ಕಡಿದು, ನಾನು ಮಾಡುಸ್ಕಂಡಿವ್ನಿ ಕಣಪ್ಪ, ಎಪ್ಪತ್ತೆರಡ್ರಲ್ಲಿ, ಏನೂ ಆಗಕ್ಕಿಲ್ಲ, ಓಗು ಅಂದರು. ಅಷ್ಟೇ. ಆ ಧೈರ್ಯವನ್ನು ಅಂಗೈಯಲ್ಲಿ ನೀರು ಹಿಡಿದ ಹಾಗೆ ಹಿಡಿದುಕೊಂಡು ಅವನು ಮನೆಗೆ ಹೋದ. ಹಿತ್ತಲಲ್ಲಿ ತಾಯಿ ಪುಟ್ಟಮಲ್ಲಮ್ಮ ಗಂಡುಮಗನ ಮೈಗೆ ಕತ್ತರಿ ಹಾಕ್ಸಕ್ಕಾ ನಾನು ಹೆತ್ತಿದ್ದು ಎಂದು ನೆಲಕ್ಕೆ ಕೂತಳು. ಅವನಿಗೆ ಅಷ್ಟು ಸಾಕಾಯಿತು. ತಾಯಿಯ ಮೇಲೆ ಹಾಕಿಬಿಡಬಹುದು ಎಂದು ಒಳಗೆ ಹಗುರವಾದದ್ದು, ಆ ಹಗುರ, ಅದನ್ನು ಈಗಲೂ ನೆನೆಯಲಾರ. ಗಂಗಾಂಬಿಕೆ ಏನೂ ಕೇಳಲಿಲ್ಲ, ಮಗುವನ್ನು ಅತ್ತೆಯ ಕೈಗೆ ಕೊಟ್ಟು ಚಪ್ಪಲಿ ಮೆಟ್ಟಿದಳು. ಕ್ಯಾಂಪಿನ ಉದ್ದ ಕೋಣೆಯಲ್ಲಿ ಹೆಂಗಸರನ್ನು ಸಾಲಾಗಿ ನೆಲದ ಮೇಲೆ ಮಲಗಿಸಿದ್ದರು. ಅವಳ ಗಾಯ ಕೀವಾಯಿತು, ಎರಡು ತಿಂಗಳು ವಾಸಿಯಾಗಲಿಲ್ಲ. ಅವನು ದಿನವೂ ಹತ್ತಿ ಬದಲಾಯಿಸಿದ, ಮದ್ದು ಹಚ್ಚಿದ, ಕೈ ತಪ್ಪದೆ ಎಲ್ಲ ಮಾಡಿದ. ಕೇಳಬೇಕಾದ ಒಂದನ್ನು ಕೇಳಲಿಲ್ಲ.

ಭೀಮನಬೀಡಿನಲ್ಲಿ ಇಳಿದಾಗ ಟೀ ಅಂಗಡಿಯ ಮುಂದೆ ನಾಲ್ಕು ಜನ. ಬನ್ನಿ ಸಾರ್, ಇವತ್ತು ಯಾರ ಇಸವಿ ತಂದಿದ್ದೀರಿ ಅಂದ ಪುಟ್ಟಮಾದು. ಕೆಟ್ಟ ಹುಡುಗನಲ್ಲ, ತನ್ನ ತಾಯಿಗೆ ಜ್ವರ ಬಂದಾಗ ಅವಳನ್ನು ರಾತ್ರಿ ಗುಂಡ್ಲುಪೇಟೆಗೆ ಹೊತ್ತುಕೊಂಡು ಹೋಗಿದ್ದವನು. ನಗುವುದಕ್ಕೆ ಏನೋ ಒಂದು ಬೇಕು, ಈ ವಾರ ಇದು ಸಿಕ್ಕಿದೆ. ಮಲ್ಲಿಕಾರ್ಜುನಸ್ವಾಮಿ ತಲೆ ತಗ್ಗಿಸಿ ಮೊದಲ ಬೀದಿ ಮುಗಿಸಿದ, ಬಾವಿಗೆ ಪುಡಿ ಹಾಕಿದ, ಎರಡನೆಯ ಬೀದಿಯನ್ನು ಬೇಕೆಂದೇ ನಿಧಾನ ಮಾಡಿದ. ಜ್ವರ ಉಂಟಾ? ಇಲ್ಲ. ಜ್ವರ ಉಂಟಾ? ಇಲ್ಲ ಕಣಪ್ಪ, ಮಿಲ್ಟ್ರಿ ಮನೇಲಿ ಕೇಳು ಓಗು, ಎಂಟು ದಿನದಿಂದ ಮೂಗಮ್ಮ ನಲ್ಲಿ ತಾವ ಬಂದಿಲ್ಲ, ಆಯಪ್ಪನೇ ನೀರು ಹೊರ್ತಾವ್ನೆ. ಶಂಕರ ಹರದನಹಳ್ಳಿಗೆ, ದೊಡ್ಡಮ್ಮನ ಮನೆಗೆ ಹೋದವನು ಬಂದಿಲ್ಲವಂತೆ. ಹೇಳಿದ ಮುದುಕಿ ಅವನ ಮುಖವನ್ನು ನೋಡಿ ಮಾತು ನಿಲ್ಲಿಸಿದಳು.

ದೊಡ್ಡಮಾದಯ್ಯನವರು ಜಗಲಿಯಲ್ಲೇ ಇದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕ್ಷೌರ ಮಾಡಿದ ಮುಖ, ಎಲ್ಲಿಗೋ ಹೊರಟ ಹಾಗೆ. ಹದಿನೈದು ದಿನದ ಹಿಂದೆ, ಸ್ವಾತಂತ್ರ್ಯ ದಿನಾಚರಣೆಗೆ, ಇದೇ ಅಂಗಿಯಲ್ಲಿ ಅವರನ್ನು ಶಾಲೆಯ ವೇದಿಕೆ ಮೇಲೆ ಕೂರಿಸಿ ಹಾರ ಹಾಕಿದ್ದರು. ಮಕ್ಕಳು ನೀವೆಷ್ಟು ಜನ ಶತ್ರುಗಳನ್ನು ಕೊಂದಿರಿ ತಾತ ಎಂದು ಕೇಳಿದ್ದಕ್ಕೆ, ನಾನು ಲಾರಿ ಓಡುಸ್ತಿದ್ದೆ, ಗಾಯ ಆದೋರ್ನ ಆಸ್ಪತ್ರೆಗೆ ಸಾಗುಸ್ತಿದ್ದೆ, ರೋಡು ಸರಿ ಇರ್ಲಿಲ್ಲ, ಮೆಲ್ಲಗೆ ಓಡಿಸ್ಬೇಕಿತ್ತು ಎಂದು ಹೇಳಿ ಕೂತುಬಿಟ್ಟರಂತೆ. ಮಕ್ಕಳಿಗೆ ನಿರಾಸೆಯಾಯಿತು.

ಈಗ ಅವರು ಎದ್ದು, ಬಾ ಸ್ವಾಮಪ್ಪ ಎಂದು ಕುರ್ಚಿ ಎಳೆದು ಹಾಕಿದರು. ಅದೇ ಕುರ್ಚಿ, ಅದೇ ದನಿ. ಬೈದಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ ಅವನಿಗೆ ಕಾಲು ಊರಲು ಒಂದು ನೆಲ ಸಿಗುತ್ತಿತ್ತು. ಎರಡು ದಿನದಿಂದ ಸಂಜೆಗೆ ಚಳಿ ಬತ್ತದೆ, ರಕ್ತ ತಕ್ಕೊ ಎಂದು ಅವರೇ ಬೆರಳು ಮುಂದೆ ಚಾಚಿದರು. ಅವನು ಹತ್ತಿಯಿಂದ ಒರೆಸಿದ. ಸೂಜಿ ಎರಡು ಸಲ ತಪ್ಪಿತು. ದೊಡ್ಡಮಾದಯ್ಯನವರು ಇನ್ನೊಂದು ಕೈಯಿಂದ ಅವನ ಮಣಿಕಟ್ಟನ್ನು ಹಿಡಿದು ನಿಲ್ಲಿಸಿದರು, ಲಾರಿಯ ಗೇರು ಹಿಡಿಯುವವರ ಹಾಗೆ, ಬಿಗಿಯಾಗಿ, ಹಗುರಾಗಿ. ರಕ್ತ ಬಂತು. ಅದನ್ನು ಗಾಜಿಗೆ ಸವರುತ್ತಾ, ತಲೆಯೆತ್ತದೆ, ಅವನು ಒಂದೇ ಉಸಿರಿಗೆ ಹೇಳಿದ: ನಾನು ಊರ ಮುಂದೆ ಹೇಳುತ್ತೇನೆ, ಅದೆಲ್ಲ ನಾನು ಕಟ್ಟಿದ್ದು, ಆ ಆಪರೇಷನ್ ಬೇರೆ ಯಾರದೋ, ಹೆಸರು ತಪ್ಪಿತು ಎಂದು ಹೇಳುತ್ತೇನೆ, ನನ್ನ ಮಾನ ಹೋದರೆ ಹೋಗಲಿ.

"ಬ್ಯಾಡ," ಅಂದರು ದೊಡ್ಡಮಾದಯ್ಯನವರು. "ಅವ್ಳು ಇಪ್ಪತ್ತೈದು ವರ್ಷ ಒಂದು ಸುಳ್ಳು ಹೊತ್ತವ್ಳೆ, ನಾನೊಂದು ಹೊತ್ತಿವ್ನಿ. ಮೂರನೇದು ಯಾಕೆ."

ಆಮೇಲೆ ಅವರು ಹೇಳಿದ್ದು ಹೆಚ್ಚೇನಲ್ಲ, ಬೆರಳಿಗೆ ಹತ್ತಿ ಒತ್ತಿಕೊಂಡು, ಬೀದಿಯ ಕಡೆ ನೋಡುತ್ತಾ. ಹಿರಿಯ ಮಗಳು ಭಾಗ್ಯ ಹುಟ್ಟುವಾಗ ಮೂಗಮ್ಮ ಸತ್ತು ಬದುಕಿದ್ದಳಂತೆ. ಇನ್ನೊಂದು ಹೆರಿಗೆ ತಡೆಯಲ್ಲ ಎಂದಿದ್ದರಂತೆ ಡಾಕ್ಟರು. ಅದಕ್ಕೇ ಇವರು ಅಲ್ಲಿ ಆಪರೇಷನ್ ಮಾಡಿಸಿಕೊಂಡರು. ಅವಳಿಗೆ ತಿಳಿಸಬೇಕೆಂದರೆ ಕಾಗದ ಬರೆಯಬೇಕು, ಅವಳಿಗೆ ಓದು ಬಾರದು, ಕಾಗದ ಓದಿ ಹೇಳುವವನು ಪೋಸ್ಟಿನವನು, ಜಗಲಿಯಲ್ಲಿ, ನಾಲ್ಕು ಜನರ ಮುಂದೆ. ರಜಕ್ಕೆ ಹೋದಾಗ ಬಾಯಲ್ಲೇ ಹೇಳಿದರಾಯಿತು ಎಂದುಕೊಂಡರು. ರಜ ಸಿಕ್ಕಿದ್ದು ಎರಡು ವರ್ಷ ಕಳೆದ ಮೇಲೆ. ಬಂದಾಗ ಅವಳು ತಲೆಯೆತ್ತಿ ನೋಡಲಿಲ್ಲ, ಬಹಳ ದಿನದ ಸಂಕೋಚ ಎಂದುಕೊಂಡರು, ಹೇಳಲು ಹೊತ್ತು ಸಿಗಲಿಲ್ಲ, ಹದಿನೈದೇ ದಿನ. ವಾಪಸು ಹೋಗಿ ಎರಡು ತಿಂಗಳಿಗೆ ಪೋಸ್ಟಿನವನ ಅಕ್ಷರದಲ್ಲಿ ಕಾಗದ ಬಂತು, ನಿಮ್ಮ ಹೆಂಡತಿ ಗರ್ಭಿಣಿ, ಸಂತೋಷ ಎಂದು. ಅದನ್ನು ಲಾರಿಯ ಮೆಟ್ಟಿಲ ಮೇಲೆ ಕೂತು ಓದಿದರು.

ಅವರು ಅಲ್ಲಿ ನಿಲ್ಲಿಸಿದರು. ಆ ಮೆಟ್ಟಿಲ ಮೇಲೆ ಕೂತ ಮೂವತ್ತೈದರ ಗಂಡಸು ಏನು ಮಾಡಿದ ಎಂದು ಕೇಳುವ ಆಸೆ ಮಲ್ಲಿಕಾರ್ಜುನಸ್ವಾಮಿಗಾಯಿತು. ಅಲ್ಲಿದ್ದರೆ ತಾನು ಏನಾಗುತ್ತಿದ್ದೆ ಎಂದು ಅವನಿಗೆ ಗೊತ್ತಿತ್ತು.

"ಕೋಪ ಬರ್ಲಿಲ್ವಾ ನಿಮಗೆ?"

"ಬಂತು. ಬರ್ದೆ ಇರ್ತದಾ. ಮೂರು ದಿನ ಊಟ ಸೇರ್ಲಿಲ್ಲ." ಹತ್ತಿಯನ್ನು ತೆಗೆದು ಬೆರಳನ್ನು ನೋಡಿಕೊಂಡರು. "ಎರಡು ವರ್ಷ ನಾನು ಮುಖ ತೋರ್ಸಿರ್ಲಿಲ್ಲ. ಅವ್ಳೇನು ಕಲ್ಲಾ ಸ್ವಾಮಪ್ಪ? ಆಮ್ಯಾಕೆ ಡಾಕ್ಟ್ರು ಹೇಳಿದ್ದು ಗ್ಯಾಪಕ ಬಂತು. ಹೆರಿಗೇಲಿ ಇವ್ಳು ಉಳೀತಾಳಾ ಇಲ್ವಾ ಅನ್ನೋ ಚಿಂತೆ ಹತ್ತಿಬುಡ್ತು. ಸಾಹೇಬ್ರ ಕಾಲಿಗೆ ಬಿದ್ದು ರಜ ತಕ್ಕಂಡು ಬಂದೆ."

ಗುಂಡ್ಲುಪೇಟೆ ಆಸ್ಪತ್ರೆಯ ಹೊರಗೆ ಒಂದು ರಾತ್ರಿ ಒಂದು ಹಗಲು ನಿಂತಿದ್ದರಂತೆ. ಮಗುವನ್ನು ತಂದು ಕೈಗೆ ಕೊಟ್ಟಾಗ ತಾಯಿ ಹೆಂಗವಳೆ ಎಂದೇ ಮೊದಲು ಕೇಳಿದ್ದು. ತನಗೆ ಗೊತ್ತಿದೆ ಎಂದು ಅವಳಿಗೆ ಗೊತ್ತಾಗಬಾರದು ಎಂದು ಅವತ್ತು ಅಂದುಕೊಂಡರು. ಅದನ್ನು ಕಾಪಾಡಿಕೊಂಡು ಬಂದರು, ಹೆಂಡತಿಯ ಎದುರು, ಹುಡುಗನ ಎದುರು, ಒಂದು ಬೈಗುಳದಲ್ಲೂ ಜಾರದಂತೆ. ಊರು ಏನಾದರೂ ಅಂದುಕೊಳ್ಳಲಿ. ಅವರಿಗೆ ಚುಚ್ಚಿದ್ದು ಒಂದೇ: ಇಷ್ಟೂ ವರ್ಷ ಗಂಡನಿಗೆ ಗೊತ್ತಿತ್ತು ಎಂದು ಮೂಗಮ್ಮನಿಗೆ ಈಗ ಗೊತ್ತಾಗಿದೆ. ಎಂಟು ದಿನದಿಂದ ಅವಳು ಇವರ ಮುಖ ನೋಡಿಲ್ಲ. ಮುದ್ದೆ ತಂದು ಮುಂದೆ ಇಡುತ್ತಾಳೆ, ತಲೆ ಬಗ್ಗಿಸಿ ಹೋಗುತ್ತಾಳೆ. ಎಪ್ಪತ್ತನಾಲ್ಕರಲ್ಲಿ ಬಂದಾಗ ಇದ್ದ ಹಾಗೇ.

ಒಳಗೆ ಮೊರದ ಸದ್ದು ಇಷ್ಟು ಹೊತ್ತೂ ಕೇಳುತ್ತಿತ್ತು, ಯಾವಾಗ ನಿಂತಿತೋ ತಿಳಿಯಲಿಲ್ಲ. ಬಾಗಿಲಿನ ನೆರಳಲ್ಲಿ ಮೂಗಮ್ಮ ನಿಂತಿದ್ದಳು. ಮೊರವನ್ನು ಎದೆಗೆ ಒತ್ತಿಕೊಂಡು, ಗಂಡನ ಕಡೆಗಲ್ಲ, ಮಲ್ಲಿಕಾರ್ಜುನಸ್ವಾಮಿಯ ಕಾಲಿನ ಹತ್ತಿರದ ನೆಲವನ್ನು ನೋಡುತ್ತಾ ಹೇಳಿದಳು:

"ಆಪ್ರೇಸನ್ ಮಾಡ್ದಾಗ ನೋವಾಗಿತ್ತಾ ಅಂತ ಕೇಳಪ್ಪ ಅವರ್ನ."

ಅವನು ಕೇಳುವ ಅಗತ್ಯ ಬರಲಿಲ್ಲ. ದೊಡ್ಡಮಾದಯ್ಯನವರು ಕುರ್ಚಿಯ ಬೆನ್ನಿಗೆ ಕೈ ಊರಿ ನಿಧಾನವಾಗಿ ಬಾಗಿಲ ಕಡೆ ತಿರುಗಿದರು.

"ನೋವಾಯ್ತು ಕಣಮ್ಮಿ," ಅಂದರು. "ಅಲ್ಲಿ ಯಾರೂ ಇರ್ಲಿಲ್ಲ. ನಿನ್ನ ನೆಪ್ಪಾಗಿತ್ತು."

ಕಣಮ್ಮಿ ಎಂದು ಕರೆಯುವುದು ಹುಡುಗಿಯರನ್ನು. ಐವತ್ತು ದಾಟಿದ ಆ ಹೆಂಗಸಿನ ಮುಖ ಒಂದು ಗಳಿಗೆ ಎಲ್ಲಿಗೋ ಹಿಂದಕ್ಕೆ ಹೋಗಿ ಬಂತು. ಮೊರವನ್ನು ಗೋಡೆಗೆ ಒರಗಿಸಿದಳು, ಒಳಗೆ ಹೋದಳು. ಒಳಗಿಂದ ಟ್ರಂಕಿನ ಮುಚ್ಚಳದ ಸದ್ದು ಬಂತು. ಹೊರಗೆ ಬಂದಾಗ ಅವಳು ಒಗೆದ ಸೀರೆ ಉಟ್ಟಿದ್ದಳು, ಕೈಯಲ್ಲಿ ಒಂದು ಬುತ್ತಿಯ ಗಂಟು. ಈ ಸಲ ಅವನ ಮುಖಾಂತರ ಹೇಳಲಿಲ್ಲ.

"ಹನ್ನೆರಡು ಗಂಟೆ ಬಸ್ಸು ಹೊಂಟೋಯ್ತದೆ, ಏಳಿ. ನಾನೂ ಬತ್ತೀನಿ. ಅವ್ನಿಗೆ ನಾನೇ ಹೇಳ್ಬೇಕು," ಎಂದು ಗಂಡನ ಮುಖವನ್ನು ನೋಡಿದಳು.

ಸಹಿ ಹಾಕ್ಬುಟ್ಟು ಹೋಗಪ್ಪ ಎಂದು ದೊಡ್ಡಮಾದಯ್ಯನವರು ನೆನಪು ಮಾಡಿದರು. ಚೌಕದ ಮುಂದೆ ನಿಂತು ಇವತ್ತಿನ ತಾರೀಖು ಬರೆದ. ತಪ್ಪಿಸಿಕೊಂಡ ವಾರವನ್ನೂ ಜೊತೆಯಲ್ಲೇ ತುಂಬಿಸಿಬಿಡುವುದು ಇಲಾಖೆಯಲ್ಲಿ ಎಲ್ಲರ ಅಭ್ಯಾಸ, ಅವನದೂ. ಪೆನ್ಸಿಲ್ಲು ಆ ಖಾಲಿ ಜಾಗದ ಹತ್ತಿರ ಹೋಯಿತು, ವಾಪಸು ಬಂತು.

ಅವರಿಬ್ಬರೂ ಬೀದಿಯಲ್ಲಿ ಜೊತೆಯಾಗಿ ನಡೆದರು, ಅವನು ಹತ್ತು ಹೆಜ್ಜೆ ಹಿಂದೆ. ಕೆಲಸ ಮುಗಿದಿರಲಿಲ್ಲ, ಮೂರನೆಯ ಬೀದಿ ಪೂರಾ ಉಳಿದಿತ್ತು, ಆದರೂ ಕಾಲು ಅವರ ಹಿಂದೆಯೇ ಹೋಯಿತು. ಬಾಗಿಲುಗಳಲ್ಲಿ ಮುಖಗಳು ಮೂಡಿದವು. ದೊಡ್ಡಮಾದಯ್ಯನವರು ನಡಿಗೆಯನ್ನು ಹೆಂಡತಿಯ ನಡಿಗೆಗೆ ಇಳಿಸಿಕೊಂಡಿದ್ದರು. ಟೀ ಅಂಗಡಿಯ ಹತ್ತಿರ ಬಸ್ಸಿಗೆ ನಿಂತಾಗ ಬೆಂಚಿನ ಮೇಲಿನ ಮಾತು ನಿಂತಿತು, ಮತ್ತೆ ಗುಸುಗುಸು ಶುರುವಾಯಿತು. ಪುಟ್ಟಮಾದುವಿಗೆ ತಡೆಯಲಿಲ್ಲ. "ಏನ್ ಮಿಲ್ಟ್ರಿ ತಾತ, ಜೋಡಿಯಾಗಿ ಹೊಂಟ್ಬುಟ್ರಿ. ಎಲ್ಲಿಗೆ, ಗಡಿಗಾ?"

"ಹರದನಹಳ್ಳಿಗೆ ಕಣ್ಲಾ," ಅಂದರು ದೊಡ್ಡಮಾದಯ್ಯನವರು. "ನನ್ ಮಗನ್ನ ಕರ್ಕಬರಕ್ಕೆ."

ದನಿ ಏರಲಿಲ್ಲ. ಸಂತೆಗೆ ಹೋಗುತ್ತೇನೆ ಎನ್ನುವವರ ದನಿ. ಪುಟ್ಟಮಾದುವಿನ ನಗು ಮುಖದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಉಳಿಯಿತು. ಅದನ್ನು ಎಲ್ಲಾದರೂ ಕಳೆಯಬೇಕಾಗಿ ಅವನು ಈ ಕಡೆ ತಿರುಗಿದ. ಸಾರ್, ಅವತ್ತು ನಾನು ಕೇಳಿದ್ದಕ್ಕೆ ನೀವು ಹೇಳ್ಲೇ ಇಲ್ಲವಲ್ಲ, ನೀವು ಮಾಡುಸ್ಕಂಡಿವ್ರಾ ಇಲ್ವಾ?

ಮಲ್ಲಿಕಾರ್ಜುನಸ್ವಾಮಿಗೆ ಹೂಂ ಎನ್ನುವ ಶಬ್ದ ನಾಲಿಗೆಯ ತುದಿಯಲ್ಲಿ, ಅಭ್ಯಾಸವಾದ ಜಾಗದಲ್ಲಿ, ಸಿದ್ಧವಾಗಿ ಕೂತಿರುವುದು ತಿಳಿಯಿತು. ಅಸ್ಮಾ ಸಿಸ್ಟರ್ ಇಲ್ಲಿಲ್ಲ. ಸುಳ್ಳನ್ನು ಹಿಡಿಯುವವರು ಯಾರೂ ಇಲ್ಲ. "ಇಲ್ಲ," ಅಂದ. "ನನ್ನ ಹೆಂಡ್ತಿಗೆ ಮಾಡ್ಸಿದೆ. ನನಗೆ ಹೆದರಿಕೆಯಾಗಿತ್ತು."

ಬೆಂಚು ನಗುವಿನಿಂದ ಸಿಡಿಯಿತು. ಅಯ್ಯೋ ನಮ್ಮಪ್ಪನೆ, ಸುತ್ತಲ ಊರಲ್ಲೆಲ್ಲ ಸೈಕಲ್ ಮಾತು ಹೇಳಿದ್ದೇ ಹೇಳಿದ್ದು ಅಂದ ಒಬ್ಬ. ಅಂಗಡಿಯವನು ಗ್ಲಾಸು ತೊಳೆಯುವುದು ಬಿಟ್ಟು ನಕ್ಕ. ಇನ್ನು ಮುಂದೆ ಪ್ರತಿ ಸೋಮವಾರ ಈ ನಗುವಿನ ಮುಂದೆ ಹಾದುಹೋಗಬೇಕು, ಈ ನಗು ತನಗಿಂತ ಮುಂಚೆ ಬೇರೆ ಊರುಗಳನ್ನು ಮುಟ್ಟುತ್ತದೆ. ಅಷ್ಟೆಲ್ಲ ಹೊಳೆಯುತ್ತಿದ್ದರೂ ಮಲ್ಲಿಕಾರ್ಜುನಸ್ವಾಮಿ ನಿಂತ ಜಾಗದಲ್ಲಿ ನಿಂತೇ ಇದ್ದ. ದೊಡ್ಡಮಾದಯ್ಯನವರು ಅವನ ಕಡೆ ನೋಡಲಿಲ್ಲ. ಬಸ್ಸು ಬಂದಾಗ ಮಾತ್ರ, ಮೂಗಮ್ಮನನ್ನು ಹತ್ತಿಸಿ, ಹಿಂದೆ ಸರಿದು, ನೀನು ಹತ್ತಪ್ಪ ಎಂದು ಅವನಿಗೆ ದಾರಿ ಬಿಟ್ಟರು.

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸಿದಾಗಲೂ ಅವನಿಗೆ ಅವರ ಎರಡು ಸೀಟು ಹಿಂದೆಯೇ ಜಾಗ ಸಿಕ್ಕಿತು. ಮೂಗಮ್ಮ ಕಿಟಕಿಯ ಪಕ್ಕ. ರಸ್ತೆಯ ಎರಡೂ ಕಡೆ ಚೆಂಡುಹೂವಿನ ಹೊಲ, ಹಳದಿ ಬಣ್ಣ ಒಳಗಿನವರ ಮುಖಕ್ಕೆಲ್ಲ ಹತ್ತಿಕೊಳ್ಳುವ ಹಾಗೆ. ಅವರಿಬ್ಬರೂ ಮಾತಾಡಿದ್ದು ಅವನು ಕಾಣಲಿಲ್ಲ. ತೆರಕಣಾಂಬಿ ದಾಟುವ ಹೊತ್ತಿಗೆ ಎಂಟು ದಿನದ ನಿದ್ದೆ ಅವಳನ್ನು ಹಿಡಿಯಿತು. ತಲೆ ಸರಳಿಗೆ ಬಡಿಯಿತು, ಎಚ್ಚರಾಗಿ ನೆಟ್ಟಗಾಯಿತು, ಮತ್ತೆ ಬಾಗಿ ಕೊನೆಗೆ ಗಂಡನ ಹೆಗಲಿಗೆ ಬಂದು ನಿಂತಿತು. ಅಲ್ಲಿಂದ ಮುಂದೆ ರಸ್ತೆ ಗುಂಡಿ ಬಿದ್ದಿತ್ತು. ದೊಡ್ಡಮಾದಯ್ಯನವರು ಒಂದು ಕೈಯಿಂದ ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದು, ಬಸ್ಸು ಕುಲುಕಿದಾಗೆಲ್ಲ ಆ ಹೆಗಲು ಕುಲುಕದಂತೆ ಮೈಯನ್ನು ಬಿಗಿಮಾಡಿಕೊಂಡು ಕೂತಿದ್ದರು, ಹಿಂದೆ ಮಲಗಿಸಿದವರ ಗಾಯ ಅಲುಗಬಾರದೆಂದು ಲಾರಿ ಓಡಿಸುವವರ ಹಾಗೆ. ಮಲ್ಲಿಕಾರ್ಜುನಸ್ವಾಮಿ ಆ ಹೆಗಲಿನಿಂದ ಕಣ್ಣು ತೆಗೆಯಲಾರದೆ ಹೋದ. ತನ್ನ ಹೆಗಲನ್ನು ತಾನೇ ಮುಟ್ಟಿ ನೋಡಿಕೊಂಡ. ಚಾಮರಾಜನಗರದಲ್ಲಿ ಅವರು ಇಳಿದು ಹರದನಹಳ್ಳಿಯ ಬಸ್ಸಿನ ಕಡೆ ಹೋದರು. ಮೂಗಮ್ಮನ ಕೆನ್ನೆಯ ಮೇಲೆ ಅಂಗಿಯ ಹೊಲಿಗೆಯ ಗುರುತು ಕೆಂಪಾಗಿ ಮೂಡಿತ್ತು.

ರಕ್ತದ ಪಟ್ಟಿಗಳನ್ನು ಗುಂಡ್ಲುಪೇಟೆ ಆಸ್ಪತ್ರೆಯಲ್ಲಿ ಕೊಡದೆ ಬಂದಿದ್ದೇನೆ ಎಂದು ಮನೆಯ ಬಾಗಿಲಲ್ಲಿ ನೆನಪಾಯಿತು. ನಾಳೆ ಬೈಸಿಕೊಂಡರಾಯಿತು. ಇನ್ನೂ ಮೂರು ಗಂಟೆ, ಮಕ್ಕಳು ಶಾಲೆಯಿಂದ ಬಂದಿರಲಿಲ್ಲ. ಗಂಗಾಂಬಿಕೆ ನಡುಮನೆಯಲ್ಲಿ ಚಾಪೆ ಹಾಸಿ ಅಕ್ಕಿ ಆರಿಸುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಬಂದವನನ್ನು ನೋಡಿ ಅವಳ ಕೈ ನಿಂತಿತು. ಜ್ವರ ಬಂದೇ ಬಂತಲ್ಲ ಎನ್ನುವ ಹಾಗೆ ಮುಖ ನೋಡಿದಳು. ಅವನು ಚೀಲ ಇಳಿಸಲಿಲ್ಲ. ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದ ಮಾತುಗಳು, ಕ್ಷಮಿಸು ಎನ್ನುವುದು, ಅಮ್ಮನ ಮಾತು ಕೇಳಿ ಎನ್ನುವುದು, ಯಾವುದೂ ಕೈಗೆ ಸಿಗಲಿಲ್ಲ.

"ಅವತ್ತು ಕ್ಯಾಂಪಿನಲ್ಲಿ," ಅಂದ, "ನಿನಗೆ ನೋವಾಗಿತ್ತಾ?"

ಯಾವ ಕ್ಯಾಂಪು ಎಂದು ಅವಳು ಕೇಳಲಿಲ್ಲ. ಮೊರದಲ್ಲಿ ಒಂದು ಕಲ್ಲು ಕಂಡಿತು, ಅದನ್ನು ಆರಿಸಿ ಪಕ್ಕಕ್ಕೆ ಇಟ್ಟಳು. ಇನ್ನೊಂದು ಹುಡುಕಿದಳು, ಸಿಗಲಿಲ್ಲ. ಹೊರಗೆ ಯಾರದೋ ಎತ್ತಿನ ಗಾಡಿ ಹೋಯಿತು, ಅದರ ಸದ್ದು ಪೂರಾ ಮುಗಿಯುವ ತನಕ ಅವಳು ಅಕ್ಕಿಯನ್ನೇ ನೋಡುತ್ತಿದ್ದಳು. ಆಮೇಲೆ ಮೊರವನ್ನು ಕೆಳಗಿಟ್ಟು, ಎಡಗೈ ಸೊಂಟಕ್ಕೆ ಊರಿ, ಚಾಪೆಯ ಆ ತುದಿಗೆ ಸರಿದಳು.

"ಚೀಲ ಇಳಿಸಿ ಕೂತ್ಕೊಳಿ," ಅಂದಳು. "ಹೇಳೋಕೆ ಹೊತ್ತು ಹಿಡೀತದೆ."